ವಕೀಲರು ಕೇಳದೆ ಬಿಟ್ಟ ಪ್ರಶ್ನೆ

“ಮೈ ಮೇಲೆ ಗಾಯ ಇತ್ತಾ?”

“ಇರಲಿಲ್ಲ.”

“ಶಹಬ್ಬಾಸ್!” ಎಂದುಬಿಟ್ಟರು ವಕೀಲರು. ಎದುರಿಗೆ ಕೂತ ಹೆಂಗಸಿನ ಮುಖ ನೋಡಿ, ಸ್ವಲ್ಪ ಜಾಸ್ತಿಯಾಯಿತೇನೋ ಅನ್ನಿಸಿ ಕೆಮ್ಮಿದರು. “ಕೇಸಿನ ದೃಷ್ಟಿಯಿಂದ ಹೇಳ್ದೆ, ಅಮ್ಮಾ.”

ಅತ್ಯಾಚಾರದ ಆಪಾದನೆ ಹೊತ್ತವರು ಮೊದಲು ಹುಡುಕಿಕೊಂಡು ಬರುತ್ತಿದ್ದುದು ಇವರನ್ನೇ. ಅವರಿಗಿಂತ ಮೊದಲು ಅವರ ತಾಯಂದಿರು ಬರುತ್ತಿದ್ದರು. ಮಗರಾಯ ಮನೆಯಲ್ಲಿ ಮುಸುಕು ಹಾಕಿ ಮಲಗಿರುತ್ತಾನೆ, ತಾಯಿ ಬಂದು ಕಣ್ಣೀರು ಹಾಕುತ್ತಾಳೆ. ವಕೀಲರಿಗೆ ಇದು ಅಂಗೈ ಗೆರೆಯಷ್ಟು ಪರಿಚಿತ. ಈಕೆ ಬಾಗಿಲಲ್ಲಿ ಇಣುಕಿದಾಗಲೇ ಅವರಿಗೆ ಎಲ್ಲ ತಿಳಿದುಹೋಗಿತ್ತು. ನರೆತ ಕೂದಲಿನ ಗಂಟು, ದಪ್ಪ ಕನ್ನಡಕ, ನಿದ್ದೆಗೆಟ್ಟ ಕಣ್ಣು. ಬೆರಳ ತುದಿಯಲ್ಲಿ ಕೆಂಪು ಕಲೆ. ಅಡುಗೆಮನೆಯಿಂದ ಹಾಗೇ ಎದ್ದು ಬಂದಿರಬೇಕು, ಪಾಪ.

“ಆ ಶಾಲೆ ಕೇಸಿನ ವಿಷಯ...” ಎಂದು ಆಕೆ ಶುರುಮಾಡುವಷ್ಟರಲ್ಲೇ ಅವರು ಕುರ್ಚಿ ತೋರಿಸಿದ್ದರು.

“ಧೈರ್ಯವಾಗಿರಿ. ನಿಜವಾಗಿ ಏನಾಯ್ತು ಅಂತ ನಾನು ಯಾರನ್ನೂ ಕೇಳಲ್ಲ. ಅದು ದೇವರಿಗೆ ಬಿಟ್ಟಿದ್ದು. ಕೋರ್ಟಿಗೆ ಬೇಕಾಗಿರೋದು ಸಾಕ್ಷಿ.”

ಈ ಮಾತು ಹೇಳಿದಾಗಲೆಲ್ಲ ವಕೀಲರಿಗೆ ತಮ್ಮ ಮೇಲೆ ತಮಗೇ ಗೌರವ ಹುಟ್ಟುತ್ತಿತ್ತು.

“ಜಾಗ ಯಾವುದು?”

“ಶಾಲೆಯ ಆಫೀಸು. ಮಕ್ಕಳೆಲ್ಲ ಮನೆಗೆ ಹೋಗಿದ್ರು. ಕಾರ್ಯದರ್ಶಿಗಳು ಬಾಗಿಲು ಹಾಕಿದ್ರು.”

‘ಕಾರ್ಯದರ್ಶಿಗಳು’! ಮಗನಿಗೂ ಬಹುವಚನ! ವಕೀಲರು ಮನಸ್ಸಿನಲ್ಲೇ ನಕ್ಕರು. ಹೆತ್ತ ಕರುಳು!

“ನೋಡಿದೋರು ಯಾರೂ ಇಲ್ಲ ತಾನೇ?”

“ಒಳಗಿದ್ದದ್ದು ಇಬ್ಬರೇ.”

“ಆ ಹುಡುಗಿ ತಕ್ಷಣ ಡಾಕ್ಟರ ಹತ್ರ ಹೋದ್ಲಾ?”

‘ಹುಡುಗಿ’ ಎಂದಾಗ ಆಕೆಯ ತುಟಿ ಒಂದಿಷ್ಟು ಕೊಂಕಿತು. “ಇಲ್ಲ. ಮನೆಗೆ ಹೋಗಿ ಸ್ನಾನ ಮಾಡಿದ್ದಾಯ್ತು. ಬಟ್ಟೆ ಒಗೆದಿದ್ದೂ ಆಯ್ತು. ದೂರಿನಲ್ಲೇ ಇದೆ ಅದೆಲ್ಲ.”

“ಅಯ್ಯೋ, ಅವರೇ ನಮ್ಮ ಕೆಲಸ ಮುಗಿಸಿಕೊಟ್ಟಿದ್ದಾರೆ! ದೂರು ಕೊಟ್ಟಿದ್ದು ಯಾವಾಗ?”

“ವಾರ ಕಳೆದ ಮೇಲೆ. ನಡುವೆ ಶಾಲೆಗೆ ಹೋಗಿ ಪಾಠಾನೂ ಮಾಡಿ, ಕಾರ್ಯದರ್ಶಿಗಳು ಎದುರು ಸಿಕ್ಕಾಗ ನಮಸ್ಕಾರಾನೂ ಹೇಳಿದ್ದಾಯ್ತು.”

ವಕೀಲರು ಕುರ್ಚಿಗೆ ಒರಗಿ ಕಾಲು ಚಾಚಿದರು. ಇಂಥ ಕೇಸು ಸಿಕ್ಕರೆ ಯಾವ ವಕೀಲನಿಗೆ ಹಸಿವು ಹೆಚ್ಚುವುದಿಲ್ಲ?

“ಹೆದರಿ ಮರಗಟ್ಟಿ ನಿಂತೋರ ಮೈ ಮೇಲೆ ಗಾಯ ಹೇಗಾಗತ್ತೆ ಸಾರ್?” ಆಕೆ ಮೆಲ್ಲಗೆ ಕೇಳಿದಳು.

“ಭಲೆ! ಎದುರು ಕಡೆ ವಕೀಲರು ಇದನ್ನೇ ಕೇಳ್ತಾರೆ. ಜಡ್ಜು ನಂಬಲೂಬಹುದು. ಆಕೆಯ ಮಾತೊಂದೇ ಸಾಕು, ಅದು ಅಲ್ಲಾಡದೆ ನಿಂತರೆ. ನನ್ನ ಕೆಲಸ ಅಲ್ಲಾಡಿಸೋದು.”

“ಹೇಗೆ?”

ಕೇಳಬಾರದಿತ್ತು. ವಕೀಲರು ಎದ್ದೇ ನಿಂತರು. ಇಲ್ಲದ ಕಟಕಟೆಯತ್ತ ಬೆರಳು ಚಾಚಿದರು. ಅವತ್ತು ಯಾವ ಬಣ್ಣದ ಸೀರೆ? ಗಡಿಯಾರ ಯಾವ ಗೋಡೆ ಮೇಲಿತ್ತು? ಕೂಗಲಿಲ್ಲ ಯಾಕೆ? ಸಂಬಳದ ಜಗಳ ಇತ್ತಂತಲ್ಲ? ಪ್ರಶ್ನೆಗಳು ಒಂದರ ಹಿಂದೆ ಒಂದು ಉದುರಿದವು. ಆಕೆ ಕಣ್ಣು ಮಿಟುಕಿಸದೆ ಕೇಳಿಸಿಕೊಂಡಳು.

“ಅತ್ತರೆ?”

“ನಾಟಕ ಅಂತೀನಿ.”

“ಅಳದೇ ಇದ್ರೆ?”

“ಇಂಥಾ ಅನ್ಯಾಯ ಆಗಿದ್ರೆ ಅಳು ಬರ್ತಿರಲಿಲ್ವಾ ಅಂತೀನಿ.”

“ಮತ್ತೆ ಏನು ಮಾಡಿದ್ರೆ ನಿಮಗೆ ಕಷ್ಟ?”

ವಕೀಲರು ದನಿ ತಗ್ಗಿಸಿದರು. “ಮರೆತಿದ್ದನ್ನ ಮರೆತಿದೀನಿ ಅಂದುಬಿಟ್ರೆ ಕಷ್ಟ. ಜನ ಅವಮಾನ ಅಂದ್ಕೊಂಡು ಏನೋ ಒಂದು ಬಣ್ಣ ಹೇಳ್ತಾರೆ, ಅಲ್ಲೇ ಹಿಡೀತೀನಿ. ‘ಸೀರೆ ಬಣ್ಣ ನೆನಪಿಲ್ಲ, ಅವನ ಕೈ ನೆನಪಿದೆ’ ಅಂದುಬಿಟ್ರೆ ನಾನು ಕೂತ್ಕೋಬೇಕಾಗತ್ತೆ. ಹಾಗೆ ಹೇಳೋರನ್ನ ನಾನಿನ್ನೂ ನೋಡಿಲ್ಲ ಬಿಡಿ.”

ಆಕೆಯ ಬೆರಳುಗಳು ಸೆರಗಿನ ತುದಿಯನ್ನು ಬಿಗಿಯಾಗಿ ಹಿಂಡಿದವು. ವಕೀಲರು ನೀರಿನ ಲೋಟ ಮುಂದೆ ಸರಿಸಿದರು. ಮಗನ ಚಿಂತೆ.

“ಏನೂ ಮಾಡದೇ ಇದ್ದೋರ ಮೇಲೆ ಇಂಥಾ ಆರೋಪ ಬಂದ್ರೆ?”

ವಕೀಲರ ಮುಖದ ಉತ್ಸಾಹ ಇಳಿಯಿತು. “ಒಬ್ಬ ಬಂದಿದ್ದ. ಹುಡುಗ ಏನೂ ಮಾಡಿರಲಿಲ್ಲ, ನನಗೆ ಗೊತ್ತಾಗ್ತಿತ್ತು. ಆಗಿಲ್ಲ ಅನ್ನೋದಕ್ಕೆ ಸಾಕ್ಷಿ ಎಲ್ಲಿಂದ ತರೋದು? ಗೆದ್ವಿ. ಆದ್ರೆ ಅವನ ಬೀದಿಯೋರು ಅವನನ್ನ ಬಿಡುಗಡೆ ಮಾಡಲಿಲ್ಲ. ಮನೆ ಖಾಲಿ ಮಾಡಿ ಹೋದ.”

“ಹಾಗಾದ್ರೆ ನೊಂದೋರಿಗೂ ಕಷ್ಟ, ತಪ್ಪು ಮಾಡದೋರಿಗೂ ಕಷ್ಟ. ಸಲೀಸು ಯಾರಿಗೆ ಸಾರ್?”

“ನನಗೆ!” ವಕೀಲರು ಜೋರಾಗಿ ನಕ್ಕರು. ಒಬ್ಬರೇ ನಕ್ಕಿದ್ದು ಗೊತ್ತಾಗಿ ನಿಲ್ಲಿಸಿದರು.

ಆಕೆ ನೀರು ಕುಡಿದು ಎದ್ದಳು. “ಒಂದು ಸಂದೇಹ. ನಾನು ಇಲ್ಲಿ ಹೇಳಿದ್ದೆಲ್ಲ ನಿಮ್ಮಲ್ಲೇ ಇರತ್ತಲ್ವಾ? ನಾಳೆ ಎದುರು ಕಡೆಯೋರೇ ಬಂದು ನಿಮ್ಮ ಕಾಲು ಹಿಡಿದ್ರೆ?”

ವಕೀಲರಿಗೆ ನಿಜಕ್ಕೂ ನೋವಾಯಿತು. ಬೇರೆ ಯಾವ ವಿಷಯದಲ್ಲಿ ಹೇಗೋ, ಇದೊಂದರಲ್ಲಿ ಅವರು ಅಪರಂಜಿ. “ಅಮ್ಮಾ, ಈ ಕುರ್ಚಿಯಲ್ಲಿ ಕೂತು ಕಷ್ಟ ಹೇಳ್ಕೊಂಡು ಸಲಹೆ ತಗೊಂಡೋರ ವಿರುದ್ಧ ನಾನು ಈ ಜನ್ಮದಲ್ಲಿ ನಿಂತಿಲ್ಲ, ನಿಲ್ಲೋದೂ ಇಲ್ಲ. ಕೋಟು ಬೇಕಾದ್ರೂ ಕಳಚಿಡ್ತೀನಿ. ಮಾತು ಕೊಟ್ಟಿದೀನಿ, ಹೋಗಿ ನೆಮ್ಮದಿಯಾಗಿ ನಿದ್ದೆ ಮಾಡಿ. ನಾಳೆ ನಿಮ್ಮ ಮಗನನ್ನ ಕಳಿಸಿ.”

“ನನಗೆ ಮಕ್ಕಳಿಲ್ಲ ಸಾರ್,” ಎಂದಳು ಆಕೆ, ಬಾಗಿಲ ಹಿಡಿಯ ಮೇಲೆ ಕೈಯಿಟ್ಟು. “ನಾಳೆ ಕಾರ್ಯದರ್ಶಿಗಳು ತಾವೇ ಬರ್ತಾರಂತೆ, ಬೇರೆ ವಕೀಲರನ್ನ ನೋಡ್ಕೊಳ್ಳಿ ಅಂತ ಹೇಳಿಬಿಡಿ, ಆ ಹುಡುಗಿ ನಾನೇ.”