ಮಹಾಲಿಂಗಪುರದ ಬೆಲ್ಲ

ಹುಬ್ಬಳ್ಳಿಯಿಂದ ಧಾರವಾಡದವರೆಗೆ ರಸ್ತೆಗೆ ಹಾಸುವಷ್ಟು ಹೋಳಿಗೆಯನ್ನು ಒಂದೇ ಯುಗಾದಿಗೆ ತಿಂದು, ಮೇಲೆ ತುಪ್ಪ ಸಾಲದೆಂದು ಜಗಳ ತೆಗೆದವನು ನಾನು.

ಹಬ್ಬ ಬಂತೆಂದರೆ ನಮ್ಮ ಓಣಿಯವರು ಅಡವಿನಂಗಡಿಗೆ ಹೋಗಿ ಬಂಗಾರದ ಜೊತೆ ಮೂಗಿನ ವಾಸನೆ, ನಾಲಿಗೆಯ ರುಚಿಯನ್ನೂ ಇಟ್ಟು ಬರುತ್ತಾರೆ. ಎದುರುಮನೆಯ ಟೇಲರ್ ಫಕ್ಕೀರಪ್ಪನವರು ಮಗಳ ಮದುವೆಗೆ ಇಟ್ಟ ವಾಸನೆಯನ್ನು ಇನ್ನೂ ಬಿಡಿಸಿಕೊಂಡಿಲ್ಲ; ಹಾಲು ಸೀದರೂ ಅವರಿಗೆ ತಿಳಿಯದು. ನನಗೆಲ್ಲಿ ಆ ಗತಿ? ಕಣ್ಣು ಮುಚ್ಚಿ ನೆಕ್ಕಿ, ಬೆಲ್ಲ ಯಾವ ಊರಿನದೆಂದು ಹೇಳುವ ನಾಲಿಗೆ ನನ್ನದು.

ಈ ಯುಗಾದಿಯ ಬೆಳಿಗ್ಗೆ ಸ್ನಾನ ಮುಗಿಸಿ ಬಂದವನೇ, ಹೆಂಡತಿ ನೀಲಗಂಗಾ ಒಲೆಯ ಪಕ್ಕ ಇಟ್ಟಿದ್ದ ಬೇವಿನ ಪಾನಕದ ಲೋಟ ಎತ್ತಿ ಗಟಗಟ ಕುಡಿದೆ.

“ಆಹಾ! ಮಹಾಲಿಂಗಪುರದ ಬೆಲ್ಲ. ಇಷ್ಟು ಸಿಹಿ ಬೇವು ಇಡೀ ಜಿಲ್ಲಾದಾಗ ಯಾರ ಮನ್ಯಾಗೂ ಇಲ್ಲ ನೋಡು.”

ಆಕೆ ಗೋಡೆಯ ಮಾಡದ ಕಡೆ ಕೈ ತೋರಿಸಿದಳು. ನಾನೇ ತಂದ ಬೆಲ್ಲ ಕಟ್ಟಿದ ಕಾಗದದೊಳಗೇ ಇತ್ತು.

“ಬೆಲ್ಲ ಇನ್ನೂ ಒಡದೇ ಇಲ್ರೀ. ನೀವು ಕುಡದದ್ದು ಬರೇ ಬೇವಿನ ನೀರು.”

ನನಗೆ ನಾಚಿಕೆಯೂ ಆಗಲಿಲ್ಲ.

“ರುಚಿ ಯಾವಾಗ ಅಡವಿಟ್ರಿ?” ಎಂದು ಕೇಳಿದಳು.

“ಹೋದ ವಾರ. ನನ್ನ ಗಿರಣಿ ಕೆಲಸದಿಂದ ತೆಗದುಹಾಕಿ ಎರಡು ತಿಂಗಳಾತು. ದಿನಾ ಬುತ್ತಿ ಹಿಡಕೊಂಡು ಕೆರಿ ದಂಡಿಗೆ ಹೋಗಿ ಕೂಡ್ತೀನಿ. ಈ ಬೆಲ್ಲಾನೂ ನಾಲಿಗಿ ಇಟ್ಟ ರೊಕ್ಕದ್ದ.”

ಆಕೆ ಬೈಯಲಿಲ್ಲ. ಬೆಲ್ಲ ಕುಟ್ಟಿ ಕಲೆಸಿ ಇನ್ನೊಂದು ಲೋಟ ಕೊಟ್ಟಳು.

“ಈಗ ಖರೇ ಹೇಳ್ರಿ. ಹೆಂಗೈತಿ?”

“ಅದೂ ನೀರಿನಂಗ, ಇದೂ ನೀರಿನಂಗ,” ಎಂದೆ. “ಹೋಳಿಗಿನೂ ಎರಡರ ಮ್ಯಾಲೆ ಎಂದೂ ತಿಂದಿಲ್ಲ.”