ಗಟ್ಟಿಯಾಗದ ಪೆಡಲು

“ಹಿಡ್ಕೋ,” ಎಂದಿತು ಕಾರಿನ ಮುಂದಿನ ಚಕ್ರದ ಬದಿಯಿಂದ ಅಪ್ಪನ ದನಿ.

ಮಗಳು ಬ್ರೇಕಿನ ಮೇಲಿನ ಕಾಲು ಎತ್ತಿದಳು. ಪೂರ್ತಿ ಅಲ್ಲ, ಎರಡು ಬೆರಳಿನಷ್ಟು.

“ಹಿಡಿದಿದೀಯ?”

“ಹಿಡಿದಿದೀನಪ್ಪ.”

ಕೆಳಗೆ ಬಾಟಲಿಯಲ್ಲಿ ಎಣ್ಣೆ ಗೊಳಗೊಳ ಎಂದಿತು. “ಇನ್ನೂ ಏರ್ ಇದೆ,” ಅಪ್ಪ ಗೊಣಗಿದ. “ಎಲ್ಲಿಂದ ಬರುತ್ತೋ, ದರಿದ್ರದ್ದು.”

ಎತ್ತಿ ನಿಲ್ಲಿಸಿದ ಬಾನೆಟ್ಟು ಇಬ್ಬರ ನಡುವೆ ಗೋಡೆಯಾಗಿತ್ತು. ಅವನಿಗೆ ಅವಳ ಕಾಲು ಕಾಣುವಂತಿರಲಿಲ್ಲ. ಅವಳಿಗೆ ಅವನ ಕೈ ಕಾಣುವಂತಿರಲಿಲ್ಲ.

ಕೆಲಸವೇನೋ ಸರಳ. ಅವಳು ಮೂರು ಸಲ ಒತ್ತಿ ಹಿಡಿಯಬೇಕು. ಅಪ್ಪ ಸ್ಕ್ರೂ ಸಡಿಲಿಸಿ, ಬ್ರೇಕಿನ ಎಣ್ಣೆಯಲ್ಲಿ ಸೇರಿಕೊಂಡ ಗಾಳಿ ಹೊರಗೆ ಬಿಟ್ಟು, ಮತ್ತೆ ಬಿಗಿಯಬೇಕು. ಆಮೇಲಷ್ಟೇ ಅವಳು ಕಾಲು ಬಿಡಬೇಕು. ನಡುವೆ ಬಿಟ್ಟರೆ ಹೋದ ಗಾಳಿ ಮರಳಿ ಒಳಗೆ. ಅವಳು ಹತ್ತು ವರ್ಷದವಳಿದ್ದಾಗಲೇ ಅಪ್ಪ ಇದನ್ನು ಕಲಿಸಿದ್ದ.

“ಬ್ರೇಕ್ ಪ್ಯಾಡ್ ಬದಲಾಯಿಸ್ತೀನಿ, ಅರ್ಧ ಗಂಟೆ ಕೆಲಸ” ಎಂದು ಬೆಳಿಗ್ಗೆ ಏಳಕ್ಕೆ ಜಾಕ್ ಹಾಕಿದವನು ಅವನೇ. ಅವಳು ಎದ್ದು ಬರುವಷ್ಟರಲ್ಲಿ ಪೆಡಲು ಒತ್ತಿದರೆ ನೆಲಕ್ಕೆ ಇಳಿಯುತ್ತಿತ್ತು. ಈಗ ಮೂರು ಗಂಟೆ. ಸಂಜೆ ಆರಕ್ಕೆ ಮಗಳನ್ನು ಗಂಡನ ಮನೆ ಬಾಗಿಲಿಗೆ ತಂದುಬಿಡುತ್ತೇನೆಂದು ಅಪ್ಪ ಅಳಿಯನಿಗೆ ಮಾತು ಕೊಟ್ಟಿದ್ದ. ಡಿಪೋದಲ್ಲಿ ಮೂವತ್ತೊಂದು ವರ್ಷ ಬಸ್ಸು ರಿಪೇರಿ ಮಾಡಿದ ಮನುಷ್ಯ. ಅವನು ಹೇಳಿದ ಹೊತ್ತಿಗೆ ಗಾಡಿ ಹೊರಡದ ದಿನವಿರಲಿಲ್ಲ. ಅವಳ ಭಯವೂ ಅದೇ.

ಅಮ್ಮ ಹೊಸ್ತಿಲಿಗೆ ಬಂದಳು. “ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೇ ಮಜ್ಜಿಗೇಲಿ ಬಿತ್ತಂತೆ. ನಿನ್ನೆ ತನಕ ನೆಟ್ಟಗಿದ್ದ ಬ್ರೇಕನ್ನ ಯಾಕ್ರೀ ಕೆದಕಿದ್ರಿ?”

“ದೂರ ಹೋಗೋ ಗಾಡಿ. ಸುಮ್ನಿರು.”

“ಹೊತ್ತಾದ್ರೆ ಅವರು ಏನಂದ್ಕೋತಾರೆ? ಮೊದಲೇ ಇವಳು ಹೊಂದ್ಕೊಂಡು ಹೋಗಲ್ಲ ಅಂತಿದ್ದಾರೆ.”

ಅಮ್ಮ ತುಂಬಿಸಿದ ಸೂಟ್‌ಕೇಸು ಹಿಂದಿನ ಸೀಟಿನಲ್ಲಿ ಬೆಳಿಗ್ಗೆಯಿಂದ ಕಾದು ಕೂತಿತ್ತು.

ಗಂಡನ ಮನೆಯ ಮಹಡಿ ಕೋಣೆಗೆ ಚಿಲಕ ಇರುವುದು ಹೊರಗಡೆ. ಕೆಲಸಕ್ಕೆ ಹೋಗುವಾಗ ಗಂಡ ಹಾಕುತ್ತಾನೆ. ಬಂದಮೇಲೆ, ಮನಸ್ಸಾದರೆ, ತೆಗೆಯುತ್ತಾನೆ. ಹೋದ ಸಲ ಅಲ್ಲಿಗೆ ಬಂದಿದ್ದ ಅಪ್ಪ ಅದರ ಮೇಲೆ ಬೆರಳಾಡಿಸಿ, “ಸ್ಕ್ರೂ ಎಲ್ಲ ಹೊಸದು. ಹೊರಗ್ಯಾಕೆ ಹಾಕಿದ್ದಾರೆ ಇದನ್ನ?” ಎಂದು ಕೇಳಿದ್ದ. ಗಂಡ ಪಕ್ಕದಲ್ಲೇ ನಿಂತಿದ್ದ. “ಬೆಕ್ಕು ನುಗ್ಗುತ್ತಪ್ಪ,” ಅಂದಿದ್ದಳು. “ಓಹೋ” ಎಂದು ಅಪ್ಪ ನೀರು ಕುಡಿದು ಹೊರಟುಬಿಟ್ಟಿದ್ದ.

ಈ ಸಲ ಅಮ್ಮನಿಗೆ ಹೇಳಲು ಬಾಯಿ ತೆರೆದಿದ್ದಳು. ಅರ್ಧ ಕೇಳುವಷ್ಟರಲ್ಲೇ ಅಮ್ಮ, “ಗಂಡಸರ ಸಿಟ್ಟು, ಹೊಟ್ಟೆಗೆ ಹಾಕ್ಕೋಬೇಕು ಕಣೆ,” ಎಂದಿದ್ದಳು. ಇನ್ನು ಅವಳಿಗೆ ಉಳಿದ ದಾರಿ ಬ್ರೇಕಿನ ಮೇಲಿನ ಬಲಗಾಲು ಒಂದೇ.

ಎದುರುಮನೆಯ ಟ್ಯಾಕ್ಸಿ ಡ್ರೈವರು ಗೇಟಿಗೆ ಒರಗಿ ನಿಂತ. “ಏನ್ ಡಾಕ್ಟ್ರೇ, ಪೇಷಂಟು ಇನ್ನೂ ಐಸಿಯುನಲ್ಲೇ?”

“ಉಸಿರು ಜಾಸ್ತಿಯಾಗಿದೆ.”

“ಪ್ಯಾಡ್ ತಾನೆ ಹಾಕಿದ್ದು? ಎಣ್ಣೆ ಸ್ಕ್ರೂಗೆ ಯಾಕೆ ಕೈ ಹಾಕಿದ್ರಿ?”

“ಹೊಸ ಪ್ಯಾಡ್ ಕೂರೋಕೆ ಪಿಸ್ಟನ್ ಹಿಂದಕ್ಕೆ ಹೋಗ್ತಿರಲಿಲ್ಲ.”

“ಹಳೇ ಪ್ಯಾಡ್ ಕೊಡಿ, ಎಷ್ಟು ಸವೆದಿತ್ತು ನೋಡೋಣ.”

“ಎಸೆದೆ.”

ಡ್ರೈವರು ನಕ್ಕುಬಿಟ್ಟ. ತುಕ್ಕು ಹಿಡಿದ ಮೊಳೆಯನ್ನೂ ಡಬ್ಬಿಯಲ್ಲಿ ಕೂಡಿಡುವ ಮನುಷ್ಯ ಏನನ್ನಾದರೂ ಎಸೆದದ್ದನ್ನು ಆ ಬೀದಿ ಕಂಡಿರಲಿಲ್ಲ. “ವಯಸ್ಸಾಯ್ತು ಡಾಕ್ಟ್ರಿಗೆ,” ಎಂದು ಹೊರಟುಹೋದ.

ಅವಳ ಅಂಗೈ ಬೆವೆತಿತ್ತು. ಒರೆಸಲು ಏನಾದರೂ ಸಿಗಬಹುದೆಂದು ಡ್ಯಾಶ್‌ಬೋರ್ಡಿನ ಖಾನೆಗೆ ಕೈ ಹಾಕಿದಳು. ಕೊಂಡಿ ಟಕ್ ಎಂದದ್ದೇ ತಡ, ಕೆಳಗಿನಿಂದ ದನಿ ಬಂತು.

“ಅದನ್ನ ತೆಗೀಬೇಡ. ಮುಚ್ಚಳ ಕಿತ್ತು ಕೈಗೆ ಬರುತ್ತೆ.”

ಕೈ ಹಿಂತೆಗೆದಳು. ಇಷ್ಟು ಚುರುಕು ಕಿವಿಗೆ ಅವಳ ಕಾಲಿನ ಕಳ್ಳತನ ಎಷ್ಟು ಹೊತ್ತು ತಿಳಿಯದೆ ಇದ್ದೀತು?

“ಒತ್ತು. ಒತ್ತು. ಒತ್ತು. ಹಿಡ್ಕೋ.”

ಎತ್ತಿದಳು.

“ನೀನು ಬಿಡ್ತಾ ಇಲ್ಲ ತಾನೆ?”

“ಇಲ್ಲಪ್ಪ. ಎಷ್ಟು ದಿನದಿಂದ ಹಿಡ್ಕೊಂಡೇ ಇದೀನಿ.”

ಕೆಳಗೆ ಸ್ಪ್ಯಾನರಿನ ಸದ್ದು ಒಂದು ಕ್ಷಣ ನಿಂತಿತು. ಮತ್ತೆ ಶುರುವಾಯಿತು.

ನಾಲ್ಕೂಕಾಲಿಗೆ ಅಮ್ಮ ಫೋನು ತಂದು, ಎಣ್ಣೆಗೈಗೆ ಕೊಡದೆ, ಸ್ಪೀಕರ್ ಹಾಕಿ ಅಪ್ಪನ ಮುಖದ ಹತ್ತಿರ ಹಿಡಿದಳು.

“ರೆಡಿ ಆಯ್ತಾ ಮಾವ?” ಅಳಿಯನ ದನಿ ಮೆತ್ತಗಿತ್ತು.

“ಇಲ್ಲ. ಏರ್ ಹೋಗ್ತಿಲ್ಲ.”

“ನಿಮ್ಮಂಥವರಿಗೇ ಹೀಗಾದ್ರೆ ಹೇಗೆ? ಬಿಡಿ, ನಾನೇ ಬಂದು ಕರ್ಕೊಂಡು ಹೋಗ್ತೀನಿ. ಈಗಲೇ ಹೊರಟೆ.”

ಅವಳು ಬಲಗಾಲನ್ನು ಪೆಡಲಿನಿಂದ ಪೂರ್ತಿ ತೆಗೆದಳು. ಇನ್ನು ಆ ಕಾಲಿನಿಂದ ಏನೂ ಆಗುವಂತಿರಲಿಲ್ಲ. ಬಾಯಿಯೇ ಬೇಕಿತ್ತು.

“ಅಪ್ಪ, ನೀನು ಹಿಡ್ಕೋ ಅಂದಾಗೆಲ್ಲ ನಾನು ಕಾಲು ಎತ್ತಿಬಿಡ್ತಿದ್ದೆ.” ಬಾನೆಟ್ಟನ್ನೇ ನೋಡುತ್ತ ಹೇಳಿದಳು. “ನಾನು ಅಲ್ಲಿಗೆ ಹೋಗಲ್ಲ. ಆ ಮನೇಲಿ ಬೆಕ್ಕೇ ಇಲ್ಲ.”

“ಬೆಕ್ಕಾ?” ಅಮ್ಮ ಕೇಳಿದಳು. “ಯಾವ ಬೆಕ್ಕು?”

ಅಪ್ಪ ಸ್ಪ್ಯಾನರ್ ಕೆಳಗಿಟ್ಟು, ಮೊಣಕಾಲು ಹಿಡಿದು ಎದ್ದು ನಿಂತ. ಫೋನಿಗೆ ಬಾಗಿ, “ಹೊರಡೋದು ಬೇಡ. ಮಗಳು ಇಲ್ಲೇ ಇರ್ತಾಳೆ,” ಎಂದ. ಮೊಣಕೈಯಿಂದ ಫೋನು ಪಕ್ಕಕ್ಕೆ ಸರಿಸಿ ಅಮ್ಮನಿಗೆ ಹೇಳಿದ: “ಬೆಕ್ಕಿನ ಕತೆ ಆಮೇಲೆ ಹೇಳ್ತೀನಿ. ಮೊದಲು ಆ ಸೂಟ್‌ಕೇಸ್ ಒಳಗಿಡು.”

ಅಮ್ಮ ಏನೋ ಅನ್ನಲು ಹೋಗಿ, ಮಗಳ ಮುಖ ನೋಡಿ, ಸುಮ್ಮನೆ ಹಿಂದಿನ ಬಾಗಿಲು ತೆಗೆದಳು.

“ಸಿಟ್ಟಾ ಅಪ್ಪ?” ಮಗಳು ಬಿಕ್ಕುತ್ತಲೇ ಕೇಳಿದಳು. “ಇಡೀ ದಿನ ನಿನ್ನ ಕೆಲಸ ಕೆಡಿಸಿದೆ.”

“ಅಷ್ಟೇನೂ ಕೆಡಿಸಿಲ್ಲ ಬಿಡು. ಡ್ಯಾಶ್‌ಬೋರ್ಡಲ್ಲಿ ಬಟ್ಟೆ ಇದೆ, ಮುಖ ಒರೆಸ್ಕೋ.”

“ಮುಚ್ಚಳ ಕಿತ್ತು ಬರುತ್ತೆ ಅಂದೆ?”

“ಬರಲ್ಲ.”

ಮುಚ್ಚಳ ಸಲೀಸಾಗಿ ತೆರೆದುಕೊಂಡಿತು. ಮಡಿಸಿಟ್ಟ ಬಟ್ಟೆಯ ಕೆಳಗೆ, ಅಪ್ಪ ಬೆಳಿಗ್ಗೆಯೇ ಹಾಕಿದೆನೆಂದ ಹೊಸ ಬ್ರೇಕ್ ಪ್ಯಾಡುಗಳ ಪೆಟ್ಟಿಗೆಯಿತ್ತು, ಸೀಲು ಕೂಡ ಒಡೆಯದೆ.