ಅದಲುಬದಲಾದ ತೋಳು

ಬಲಗೈ ತೋಳನ್ನು ಎಡಕ್ಕೆ, ಎಡಗೈ ತೋಳನ್ನು ಬಲಕ್ಕೆ ಬೇಕೆಂದೇ ಕೂಡಿಸಿ ಹೊಲಿದು, ಆಕೆ ಆ ಕೋಟನ್ನು ತಂದು ಗಂಡನ ತೊಡೆಯ ಮೇಲೆ ಹರವಿದಳು. ಎರಡು ತೋಳೂ ಬೆನ್ನ ಕಡೆಗೆ ತಿರುಚಿಕೊಂಡು, ಪೊಲೀಸರು ಹಿಡಿದ ಕಳ್ಳನ ಕೈಯ ಹಾಗೆ ನಿಂತಿದ್ದವು. ಹೊಲಿಗೆ ಕಲಿಯಲು ನಿನ್ನೆ ಬಂದವರೂ ಮಾಡದ ತಪ್ಪು.

ಬೀದಿಗೆಲ್ಲ 'ಮಾಸ್ಟರ್' ಆಗಿದ್ದ ಈ ದರ್ಜಿಯ ಬಾಯಿಗೆ ಹೆದರದವರಿರಲಿಲ್ಲ. ಗುಂಡಿಯ ಒಂದು ಕಾಜಾ ಕೂದಲೆಳೆಯಷ್ಟು ಸೊಟ್ಟಗಾದರೂ ಹೆಂಡತಿಗೆ ಸಂಜೆಯವರೆಗೆ ಮಂಗಳಾರತಿ. ಆಕೆಯೇನು ಕಡಿಮೆಯೇ, ಒಂದಕ್ಕೆರಡು ಹೇಳುತ್ತಿದ್ದಳು. ಮದುವೆಯಾದಂದಿನಿಂದ ಇಬ್ಬರ ಮಾತುಕತೆಯೆಂದರೆ ಅದೇ. ಈಗ ಕೆಲವು ತಿಂಗಳಿಂದ ಮಾಸ್ಟರು ಕಿಟಕಿ ಪಕ್ಕದ ಕುರ್ಚಿಗೆ ಅಂಟಿಬಿಟ್ಟಿದ್ದಾರೆ. ಏಳಿ ಅಂದರೆ ಏಳುತ್ತಾರೆ, ಉಣ್ಣಿ ಅಂದರೆ ಉಣ್ಣುತ್ತಾರೆ. ಹೇಳದಿದ್ದರೆ ಹಾಗೇ ಕತ್ತಲಾಗುತ್ತದೆ.

ಆಲ್‌ಝೈಮರ್ಸ್ ಎಂದಿದ್ದರು ಡಾಕ್ಟರು. ಇದು ಸೋಮಾರಿತನವಲ್ಲ, ಮುನಿಸೂ ಅಲ್ಲ, ಏನಾದರೂ ಮಾಡಬೇಕು ಅನ್ನಿಸುವ ಮಿದುಳಿನ ಭಾಗವೇ ಸವೆಯುತ್ತಿದೆ, ಅವರನ್ನು ದೂರಬೇಡಿ ಎಂದು ಬಿಡಿಸಿ ಹೇಳಿದ್ದರು. ಆಕೆ ತಲೆಯಾಡಿಸಿ ಬಂದಿದ್ದಳು, ನಂಬಿರಲಿಲ್ಲ. ಮರೆವು ಇದ್ದೀತು, ಆದರೆ ಅಂಗಡಿಯ ಕತ್ತರಿ ತನ್ನ ಕೈಗೆ ಬಂತಲ್ಲ, ಅದಕ್ಕೇ ಈ ಮನುಷ್ಯನಿಗೆ ಒಳಗೊಳಗೇ ಉರಿ ಎಂದು ಆಕೆಯ ಎಣಿಕೆ. ಉರಿ ಇದ್ದರೆ ಇವತ್ತು ಹೊರಗೆ ಬರಲೇಬೇಕು.

"ರೀ, ಹೇಗಾಗಿದೆ ನೋಡಿ."

ಮಾಸ್ಟರ ಬೆರಳು ಭುಜದ ಹೊಲಿಗೆಯ ಮೇಲೆ ಮೆಲ್ಲಗೆ ಸರಿದು, ತೋಳಿನ ಬುಡದಲ್ಲಿ ನಿಂತಿತು. ಆಕೆ ಸೊಂಟದ ಮೇಲೆ ಕೈಯಿಟ್ಟು ಜಗಳಕ್ಕೆ ಅಣಿಯಾದಳು.

"ತೋಳು ಅದಲುಬದಲಾಗಿದೆ," ಎಂದರು.

ಆಕೆಗೆ ಹೋದ ಜೀವ ಬಂದಂತಾಯಿತು. "ಗೊತ್ತಾಯ್ತಲ್ಲ, ಮತ್ತೆ ಬೈಯ್ರಿ."

"ಯಾಕೆ?"

"ಯಾಕೆ ಅಂದ್ರೆ? ಕೋಟು ಹಾಳು ಮಾಡಿದೀನಿ. ಗಿರಾಕಿ ತಂದು ಮುಖಕ್ಕೆ ಎಸೀತಾನೆ. ಅಂಗಡಿ ಮರ್ಯಾದೆ ಏನಾಗ್ಬೇಕು?"

ಮಾಸ್ಟರು ತಲೆಯೆತ್ತಿದರು. ಆ ಕಣ್ಣಲ್ಲಿ ಒಂದಿಷ್ಟು ಕೋಪ ಸಿಕ್ಕೀತೇ ಎಂದು ಆಕೆ ಹುಡುಕಿದಳು. ಬಸ್ಸಿನಲ್ಲಿ ಪಕ್ಕ ಕೂತವರನ್ನು ನೋಡುವ ಹಾಗೆ ನೋಡಿ, "ಇರ್ಲಿ ಬಿಡು," ಎಂದು ಅವರು ಮತ್ತೆ ಕಿಟಕಿಯತ್ತ ತಿರುಗಿದರು.

ಆಕೆ ಕೋಟನ್ನೆತ್ತಿಕೊಂಡು ಅವರ ಕಾಲ ಬಳಿಯೇ ಕೂತು ಹೊಲಿಗೆ ಬಿಚ್ಚತೊಡಗಿದಳು. ಸ್ವಲ್ಪ ಹೊತ್ತಿಗೆ ಬಾಯಿ ತಾನಾಗಿ ತೆರೆಯಿತು. "ಕಣ್ಣೇನು ನೆತ್ತಿ ಮೇಲಿತ್ತಾ? ಕತ್ತೆ ಕಾಯೋಕೆ ಹೋಗು ನೀನು," ಎಂದು ಅವರ ಗತ್ತಿನಲ್ಲೇ ತನ್ನನ್ನು ಬೈದುಕೊಂಡಳು. "ಹೋಗ್ತೀನಿ, ಇಲ್ಲೊಂದನ್ನ ಕಾದು ಅಭ್ಯಾಸ ಆಗಿದೆ," ಎಂದು ಉತ್ತರವನ್ನೂ ತಾನೇ ಕೊಟ್ಟಳು. ಇಂಥ ಮಾತಿಗೆ ಅವರು ಏನಾದರೊಂದು ಅನ್ನದೆ ಬಿಟ್ಟವರೇ ಅಲ್ಲ. ಆಕೆ ಅವರ ಸರದಿಗೆ ಕಾದಳು.

ಬಿಚ್ಚಿದ ದಾರದ ತುಂಡೊಂದು ಹಾರಿ ಮಾಸ್ಟರ ಮೊಣಕಾಲ ಮೇಲೆ ಕೂತಿತು. ಅವರು ಅದನ್ನು ನೋಡಿದರು, ಕೊಡವಲಿಲ್ಲ.